ರೊಟ್ಟಿಕಲ್ಲಿನ ಪುಟ

ಹತ್ತು ವರ್ಷದವಳಾಗಿದ್ದಾಗ ನಮ್ಮ ಮನೆಯ ಬಾಯಿ ನಾನಾಗಿದ್ದೆ. ಅಪ್ಪ ಡಾರ್ಮ್‌ಸ್ಟಾಟ್‌ನ ಒಂದು ಕಂಪನಿಯಲ್ಲಿ ಯಂತ್ರಭಾಗಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಅವರ ಆಫೀಸಿನಲ್ಲಿ ಇಂಗ್ಲಿಷೇ ಸಾಕಾಗುತ್ತಿತ್ತು, ಹಾಗಾಗಿ ಜರ್ಮನ್ ಕಲಿಯುವುದನ್ನು ಅವರು ಪ್ರತಿ ತಿಂಗಳೂ ಮುಂದಿನ ತಿಂಗಳಿಗೆ ಹಾಕುತ್ತಿದ್ದರು. ಅಮ್ಮ ಉಡುಪಿಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಇತಿಹಾಸ ಪಾಠ ಮಾಡಿ, ಅಪ್ಪನಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿಯಾದ ಬ್ಲೂ ಕಾರ್ಡ್ ಬಂದ ಮೇಲೆ ಕೆಲಸ ಬಿಟ್ಟು ಬಂದವಳು. ಅಮ್ಮನ ಕಾರ್ಡಿನಲ್ಲೂ ಕೆಲಸ ಮಾಡಬಹುದು ಎಂದು ಬರೆದಿತ್ತು, ಕೆಲಸ ಕೊಡುವವರು ಇರಲಿಲ್ಲ. ಆರನೇ ವಯಸ್ಸಿಗೆ ಇಲ್ಲಿಯ ಶಾಲೆಗೆ ಸೇರಿದ ನನಗೆ ಜರ್ಮನ್ ತಾನಾಗಿ ಬಂತು. ಬಂದದ್ದೇ ತಪ್ಪಾಯಿತು. ಡಾಕ್ಟರ ಹತ್ತಿರ, ವೀಸಾ ಆಫೀಸಿನಲ್ಲಿ, ನನ್ನದೇ ಶಾಲೆಯ ಪೋಷಕರ ಸಭೆಯಲ್ಲಿ, ಅಮ್ಮನ ಪಕ್ಕದ ಕುರ್ಚಿಯಲ್ಲಿ ಕುಳಿತು ಅತ್ತಿಂದಿತ್ತ ಮಾತು ಸಾಗಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ನನ್ನ ಬಗ್ಗೆ ಟೀಚರು ಹೇಳಿದ ದೂರನ್ನು ನಾನೇ ಅಮ್ಮನಿಗೆ ಕನ್ನಡದಲ್ಲಿ ಒಪ್ಪಿಸಬೇಕಾಗಿತ್ತು. ಒಪ್ಪಿಸುತ್ತಿದ್ದೆ, ಸ್ವಲ್ಪ ಕಡಿಮೆ ಮಾಡಿ.

ಡಾರ್ಮ್‌ಸ್ಟಾಟ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಎರ್ಲೆನ್‌ರೋಡ್ ಎಂಬ ಹಳ್ಳಿಯಲ್ಲಿ, ಹೆರ್ ಕ್ರಾಫ್ಟ್, ಅಂದರೆ ಶ್ರೀ ಕ್ರಾಫ್ಟ್ ಅವರ ಮನೆಯ ಕೆಳಗಿನ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಎಂಟು ತಿಂಗಳು ಹುಡುಕಿದ ಮೇಲೆ ಸಿಕ್ಕಿದ ಮನೆ ಅದು. ಆ ಎಂಟು ತಿಂಗಳನ್ನು ಅಪ್ಪ ಕೊನೆವರೆಗೂ ಮರೆಯಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಮಧ್ಯಾಹ್ನ ಮಿಕ್ಸಿ ಹಾಕಬಾರದು, ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆರೆಯಬೇಕು. ಇವು ಯಾವುವೂ ಹೆರ್ ಕ್ರಾಫ್ಟ್ ಹೇಳಿದ ನಿಯಮಗಳಲ್ಲ, ಅಪ್ಪನ ಹೆದರಿಕೆ ಮಾಡಿದ ನಿಯಮಗಳು. ಚಳಿಗಾಲದಲ್ಲಿ ಅಮ್ಮ ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ತೆರೆದ ಕಿಟಕಿಯ ಎದುರು ಸಾಸಿವೆ ಸಿಡಿಸುತ್ತಿದ್ದಳು. ಮನೆಯಲ್ಲಿ ಒಂದು ಮಲಗುವ ಕೋಣೆ, ನನ್ನದೊಂದು ಚಿಕ್ಕ ಕೋಣೆ, ಮತ್ತೆ ಊಟದ ಮೇಜು ಇದ್ದ ನಡುಕೋಣೆ. ಹಿಂದಿನ ಬಾಡಿಗೆದಾರರು ಬಿಟ್ಟುಹೋಗಿದ್ದ ಆ ಮೇಜಿನ ಮೇಲೆಯೇ ನಮ್ಮ ಬದುಕು ನಡೆಯುತ್ತಿತ್ತು. ನನ್ನ ಹೋಮ್‌ವರ್ಕ್, ಅಪ್ಪನ ಲ್ಯಾಪ್‌ಟಾಪ್, ಭಾನುವಾರದ ನೀರುದೋಸೆ, ಅಮ್ಮ ಹೂ ಇಡಲು ಜಾಗವಿಲ್ಲವೆಂದು ಗೊಣಗುತ್ತ ಒಂದು ಮೂಲೆಯಲ್ಲಿ ಹಚ್ಚುತ್ತಿದ್ದ ದೀಪ, ಎಲ್ಲವೂ ಅಲ್ಲೇ. ನಾಲ್ಕನೇ ಕ್ಲಾಸಿನ ವಸಂತದಲ್ಲಿ ಆ ಮೇಜು ನಮ್ಮ ಕೈತಪ್ಪಿತು.

ಹೆರ್ ಕ್ರಾಫ್ಟ್ ನಿವೃತ್ತ ಬಡಗಿ. ದೊಡ್ಡ ಕೈಗಳ, ಮೆಲುದನಿಯ ಮನುಷ್ಯ. ನಮ್ಮ ಹಳ್ಳಿಗೆ ಇಂಗ್ಲೆಂಡಿನ ಎರಡು ಅಕ್ಕಪಕ್ಕದ ಹಳ್ಳಿಗಳ ಜೊತೆ ಸ್ನೇಹಸಂಬಂಧವಿತ್ತು. ಹ್ಯಾದರ್‌ಕಂಬ್ ಮತ್ತು ಆರ್ಡೆಲ್ ಎಂದು ಅವುಗಳ ಹೆಸರು. ಕೆಲವು ವರ್ಷಕ್ಕೊಮ್ಮೆ ಅವರು ಇಲ್ಲಿಗೆ ಬರುವುದು, ಇವರು ಅಲ್ಲಿಗೆ ಹೋಗುವುದು, ಒಟ್ಟಿಗೆ ಬಿಯರ್ ಕುಡಿದು ಹಾಡುವುದು. ಇದನ್ನೆಲ್ಲ ನೋಡಿಕೊಳ್ಳುವ ಸಂಘದಲ್ಲಿ ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟರಿದ್ದರು, ಅವರು ಮಗಳ ಊರಿಗೆ ಹೋಗಿ ನೆಲೆಸಿದ ಮೇಲೆ ಅಧ್ಯಕ್ಷತೆ ಹೆರ್ ಕ್ರಾಫ್ಟ್ ಅವರ ಹೆಗಲಿಗೆ ಬಂತು. ಅವರಿಗೆ ಇಂಗ್ಲಿಷಿನಲ್ಲಿ ಹಲೋ ಮತ್ತು ಚಿಯರ್ಸ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಅತಿಥಿಗಳು ಬರುವಷ್ಟರಲ್ಲಿ ಆ ಎರಡು ಹಳ್ಳಿಗಳ ಚರಿತ್ರೆ, ನೋಡತಕ್ಕ ಜಾಗಗಳು ಎಲ್ಲ ಸೇರಿಸಿ ಜರ್ಮನ್‌ನಲ್ಲಿ ಒಂದು ಪುಸ್ತಿಕೆ ತರಬೇಕೆಂದು ಸಂಘ ತೀರ್ಮಾನಿಸಿತ್ತು. ಆ ಹಳ್ಳಿಗಳವರು ಒಂದು ರಟ್ಟಿನ ಪೆಟ್ಟಿಗೆ ತುಂಬ ಕಾಗದ ಕಳಿಸಿದ್ದರು. ಹೆರ್ ಕ್ರಾಫ್ಟ್ ಮೊದಲು ಕಂಪ್ಯೂಟರಿನಲ್ಲಿ ಅನುವಾದ ಮಾಡಿಸಿ ನೋಡಿದರಂತೆ. ಹ್ಯಾದರ್‌ಕಂಬ್‌ನ ನಡುವೆ ಬೀದಿ ದನಗಳನ್ನು ಕೂಡಿಹಾಕುತ್ತಿದ್ದ ಕಲ್ಲಿನ ದೊಡ್ಡಿಯೊಂದಿದೆ, ಇಂಗ್ಲಿಷಿನಲ್ಲಿ ಅದನ್ನು ಪೌಂಡ್ ಎನ್ನುತ್ತಾರೆ. ಊರವರು ತಮ್ಮ ಪೌಂಡನ್ನು ಸುಣ್ಣ ಬಳಿದು ಚೆನ್ನಾಗಿಟ್ಟುಕೊಂಡಿದ್ದಾರೆ ಎಂದು ಓದಿದ ಕಂಪ್ಯೂಟರು ಅದನ್ನು ಹಣ ಮಾಡಿಟ್ಟಿತ್ತು. ಹೆರ್ ಕ್ರಾಫ್ಟ್ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು.

"ನಿನ್ನ ಅಮ್ಮ ಇತಿಹಾಸದ ಟೀಚರ್ ಅಂತ ಹೇಳಿದ್ದೆಯಲ್ಲ, ಇಂಗ್ಲಿಷ್ ಓದುತ್ತಾರೆ ಅಲ್ಲವೇ? ಕೇಳಿ ನೋಡು," ಎಂದರು ನನಗೆ.

ಅಮ್ಮನ ಮುಖ ಆವತ್ತು ಹೇಗಾಯಿತು ಎಂದು ನನಗೆ ಈಗಲೂ ಕಾಣುತ್ತದೆ. ಸೆರಗಿಲ್ಲದ ಚೂಡಿದಾರದ ಮೇಲೆ ಸೆರಗು ಸರಿಮಾಡಿಕೊಳ್ಳುವ ಹಾಗೆ ಕೈ ಹೋಯಿತು, ಕ್ಲಾಸಿಗೆ ಹೊರಟವಳ ಹಾಗೆ. ಮರುದಿನವೇ ಮೇಜಿನ ತುಂಬ ಕಾಗದ. ಚರ್ಚಿನ ಅಂಗಳದ ಹಳೆಯ ಮರ, ಪಾರಿವಾಳಗಳಿಗೆಂದು ಕಟ್ಟಿದ ದುಂಡು ಗೋಪುರ, ಯುದ್ಧದಲ್ಲಿ ಸತ್ತವರ ಹೆಸರಿನ ಕಂಬ, ಹೊಳೆ ದಾಟುವ ಕಡವು, ಎಲ್ಲದಕ್ಕೂ ಒಂದೊಂದು ರಾಶಿ. ನಾವು ಸೋಫಾದ ಮೇಲೆ ತೊಡೆಯಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡತೊಡಗಿದೆವು. ನಾನು ಹೋಮ್‌ವರ್ಕನ್ನು ನೆಲದಲ್ಲಿ ಮಾಡಿದೆ. ಸಾರಿನ ಹನಿ ಬಿದ್ದೀತೆಂದು ಅಮ್ಮ ಅಪ್ಪನನ್ನು ಮೇಜಿನ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಮತ್ತೆ ಪ್ರತಿ ಶನಿವಾರ ಮಧ್ಯಾಹ್ನ ಹೆರ್ ಕ್ರಾಫ್ಟ್ ಕೆಳಗಿಳಿದು ಬರುವುದು, ಅಮ್ಮ ಇಂಗ್ಲಿಷ್ ಓದಿ ಕನ್ನಡದಲ್ಲಿ ನನಗೆ ಹೇಳುವುದು, ನಾನು ಜರ್ಮನ್‌ನಲ್ಲಿ ಅವರಿಗೆ ಹೇಳುವುದು, ಅವರು ಎರಡು ಬೆರಳಿನಲ್ಲಿ ಟೈಪು ಮಾಡುವುದು. ನನ್ನ ಗೆಳತಿಯರೆಲ್ಲ ಆ ಹೊತ್ತಿಗೆ ಆಟದ ಮೈದಾನದಲ್ಲಿರುತ್ತಿದ್ದರು.

ನನಗೆ ಜರ್ಮನ್ ಬರುತ್ತಿತ್ತು ನಿಜ. ಅದು ಹತ್ತು ವರ್ಷದವಳ ಜರ್ಮನ್. ಅಮ್ಮನ ಕನ್ನಡವೋ ಕಾಲೇಜಿನದ್ದು.

"ದೊಡ್ಡಿ ಅಂತ ಹೇಳು ಮಗಾ. ಗಂಟಿ ಕಟ್ಟಿ ಹಾಕುವ ಜಾಗ."

"ಗಂಟಿ ಅಂದ್ರೆ ಎಂತ ಅಮ್ಮ?"

"ಗಂಟಿ ಗೊತ್ತಿಲ್ವಾ ನಿಂಗೆ? ದನ, ಕರು. ಯಾರದ್ದೋ ಗದ್ದೆಗೆ ನುಗ್ಗಿದ್ದನ್ನು ಹಿಡಿದು ತಂದು ಕಟ್ಟುದು."

ನಾನು ಹೆರ್ ಕ್ರಾಫ್ಟ್ ಅವರಿಗೆ ಹಸುಗಳ ಜೈಲು ಎಂದೆ. ಅವರು ಗಹಗಹಿಸಿ ನಕ್ಕು ಬರೆದುಕೊಂಡರು. ಅವರು ಯಾಕೆ ನಕ್ಕರು ಎಂದು ಅಮ್ಮ ನನ್ನನ್ನು ಕೇಳಿದಳು, ಅದನ್ನು ಹೇಳಬೇಕಾಯಿತು, ನಂತರ ಅಮ್ಮ ಹಾಗಲ್ಲ ಎಂದದ್ದನ್ನು ಅವರಿಗೆ ಹೇಳಬೇಕಾಯಿತು. ಒಂದು ದೊಡ್ಡಿಗೆ ಅರ್ಧ ಗಂಟೆ. ನಾನು ಕುರ್ಚಿಯ ಕಾಲಿಗೆ ಕಾಲು ಬಡಿಯುತ್ತ ಕುಳಿತಿರುತ್ತಿದ್ದೆ. ಹೀಗೆ ಐದಾರು ಶನಿವಾರ ಕಳೆದವು. ವಾರದ ನಡುವೆಯೂ ಬಿಡುಗಡೆ ಇರಲಿಲ್ಲ. ಅಮ್ಮ ನನ್ನ ಶಾಲೆಯ ಚೀಲ ಹಿಡಿದುಕೊಂಡು ದಾರಿಯುದ್ದಕ್ಕೂ ನಮ್ಮ ಹಳ್ಳಿಯ ನೀರಿನ ತೊಟ್ಟಿ, ಚರ್ಚಿನ ಬಾಗಿಲ ಮೇಲಿನ ಅಕ್ಷರ, ಹಳೆಯ ಮನೆಗಳ ತೊಲೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತ ಬರುತ್ತಿದ್ದಳು. ನನ್ನ ಕ್ಲಾಸಿನವರು ಕಂಡರೆ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದೆ.

ಗಡಿಕಲ್ಲಿನ ವಿಷಯ ಬಂದದ್ದು ಕೊನೆಯಲ್ಲಿ. ಹ್ಯಾದರ್‌ಕಂಬ್ ಮತ್ತು ಆರ್ಡೆಲ್ ಕೂಡುವ ದಾರಿಯಲ್ಲಿ ಸೊಂಟದೆತ್ತರದ ಒಂದು ಕಲ್ಲಿದೆ, ಅದರ ತಲೆಯಲ್ಲಿ ಒಂದು ಕುಳಿ. ರೊಟ್ಟಿಕಲ್ಲು ಎಂದು ಅದಕ್ಕೆ ಹೆಸರು. ಹಿಂದೆ ಆರ್ಡೆಲಿಗೆ ಪ್ಲೇಗು ಬಂದಾಗ ಅಲ್ಲಿನವರು ಹಸಿವಿನಿಂದ ಸಾಯಬಾರದೆಂದು ಹ್ಯಾದರ್‌ಕಂಬ್‌ನವರು ದಿನವೂ ಆ ಕಲ್ಲಿನ ಮೇಲೆ ರೊಟ್ಟಿ ಇಟ್ಟು ಹೋಗುತ್ತಿದ್ದರು ಎಂದು ಹ್ಯಾದರ್‌ಕಂಬ್‌ನ ಕರಪತ್ರ ಹೇಳುತ್ತಿತ್ತು. ಆರ್ಡೆಲಿನ ಕರಪತ್ರದಲ್ಲಿ, ಗಡಿಯಲ್ಲಿ ಒಂದು ಕಲ್ಲಿದೆ ಎಂಬ ಒಂದೇ ಸಾಲು. ಹೆರ್ ಕ್ರಾಫ್ಟ್ ಅವರಿಗೆ ಈ ಕಥೆ ತುಂಬ ಹಿಡಿಸಿತ್ತು. ಪುಸ್ತಿಕೆಯ ರಕ್ಷಾಪುಟಕ್ಕೆ ಆ ಕಲ್ಲಿನದೇ ಚಿತ್ರ, ಸ್ನೇಹ ಎಂದರೆ ಇದು ಎಂದು ಬರೆಯುವುದು ಅವರ ಆಸೆ. ಆದರೆ ಪೆಟ್ಟಿಗೆಯ ತಳದಲ್ಲಿ ಅಮ್ಮನಿಗೆ ಒಂದು ಹಾಳೆ ಸಿಕ್ಕಿತ್ತು. ಹ್ಯಾದರ್‌ಕಂಬ್ ಚರ್ಚಿನ ಹಳೆಯ ಸಭಾ ನಡಾವಳಿ ಪುಸ್ತಕದಲ್ಲಿ ಪ್ಲೇಗಿನ ವರ್ಷದ ಒಂದು ಪುಟದ ಜೆರಾಕ್ಸು, ಕೆಳಗೆ ಯಾರೋ ಪೆನ್ಸಿಲಿನಲ್ಲಿ ಅದನ್ನು ಓದಲು ಬರುವ ಹಾಗೆ ಬರೆದಿದ್ದರು. ಅಮ್ಮ ಭೂತಗನ್ನಡಿ ಹಿಡಿದು ಮೂರು ದಿನ ಅದನ್ನೂ ಪೆನ್ಸಿಲನ್ನೂ ತಾಳೆ ನೋಡಿದಳು. ಆರ್ಡೆಲಿನವರು ಯಾರೂ ಈಚೆ ದಾಟದ ಹಾಗೆ, ಕಲ್ಲಿನ ಹತ್ತಿರ ದೊಣ್ಣೆ ಹಿಡಿದ ಇಬ್ಬರನ್ನು ಹಗಲಿಗೂ ಇಬ್ಬರನ್ನು ರಾತ್ರಿಗೂ ನಿಲ್ಲಿಸತಕ್ಕದ್ದು. ಅಷ್ಟೇ ಇದ್ದದ್ದು. ಆ ಪುಟದಲ್ಲಿ ರೊಟ್ಟಿಯ ಸುದ್ದಿಯೇ ಇರಲಿಲ್ಲ.

ಆ ಶನಿವಾರ ಬೆಳಿಗ್ಗೆ ಅಪ್ಪ ಅಮ್ಮನಿಗೆ ಜಗಳವಾಯಿತು. ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ದನಿ ತಗ್ಗಿಸಿ ಆಡುವ ಜಗಳ. ಮೇಲಿನವರಿಗೆ ಕೇಳಬಾರದಲ್ಲ.

"ಯಾರ್ದೋ ಊರಿನ ಕಲ್ಲು. ನಿಂಗೆ ಎಂತ ಸಂಬಂಧ ಮಾರಾಯ್ತಿ? ಅವ್ರು ಓನರ್. ರೊಟ್ಟಿ ಬೇಕು ಅಂದ್ರೆ ರೊಟ್ಟಿ ಬರಿ. ಪ್ರಾಬ್ಲೆಮ್ ಯಾಕೆ ಮಾಡ್ತೀ?"

"ನಾನು ಪ್ರಾಬ್ಲೆಮ್ ಮಾಡುದಲ್ಲ. ಓದಿದ್ದನ್ನು ಹೇಳ್ತೇನೆ. ಈ ದೇಶಕ್ಕೆ ಬಂದ ಮೇಲೆ ನಂಗೆ ಗೊತ್ತಿರುವ ವಿಷಯದಲ್ಲಿ ಯಾರಾದ್ರೂ ನನ್ನನ್ನು ಕೇಳಿದ್ದು ಇದೇ ಮೊದಲು. ಅದನ್ನೂ ಸುಳ್ಳು ಬರೆದು ಕೊಡ್ಬೇಕಾ?"

"ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗುದು ಹೇಳು."

ಅಮ್ಮ ದೋಸೆಯ ಕಾವಲಿಯನ್ನು ಸಿಂಕಿಗೆ ಹಾಕಿದ ಸದ್ದು ಮಾತ್ರ ಜೋರಾಗಿಯೇ ಬಂತು.

ಅವತ್ತು ಮೂರು ಗಂಟೆಗೆ ನನ್ನ ಗೆಳತಿ ಲೇನಾಳ ಹುಟ್ಟುಹಬ್ಬ. ಈಜುಕೊಳದಲ್ಲಿ. ಅವಳ ಅಪ್ಪ ಎಲ್ಲರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗುವವರಿದ್ದರು. ನಾನು ಬಟ್ಟೆಯ ಒಳಗೇ ಈಜುಡುಗೆ ಹಾಕಿಕೊಂಡು ಅನುವಾದಕ್ಕೆ ಕುಳಿತಿದ್ದೆ. ಹೆರ್ ಕ್ರಾಫ್ಟ್ ಎರಡು ಗಂಟೆಗೆ ಬಂದರು. ಅಮ್ಮ ಜೆರಾಕ್ಸು ಮುಂದಿಟ್ಟಳು. ನಾನು ದೊಣ್ಣೆ, ಕಾವಲು ಎಲ್ಲ ಹೇಗೋ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇದು ಹಬ್ಬಕ್ಕೆ ತರುವ ಪುಸ್ತಿಕೆ, ಎರಡೂ ಊರಿನವರು ಒಂದೇ ಬಸ್ಸಿನಲ್ಲಿ ಬರುತ್ತಾರೆ, ಅತಿಥಿಗಳ ಕೈಗೆ ಇಂಥದ್ದನ್ನು ಕೊಡುವುದು ಹೇಗೆ, ರೊಟ್ಟಿಯ ಕಥೆಯನ್ನೇ ಇಟ್ಟುಕೊಳ್ಳೋಣವೇ ಎಂದು ಬಹಳ ಮೃದುವಾಗಿ ಕೇಳಿದರು. ನಾನು ಅದನ್ನು ಅಮ್ಮನಿಗೆ ಹೇಳಿದೆ. ಯಾಕೆ ಆಗುವುದಿಲ್ಲ ಎಂದು ಅಮ್ಮ ವಿವರಿಸಿದಳು. ಅವರು ಇನ್ನೊಂದು ಕಾರಣ ಕೊಟ್ಟರು. ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಆಗ ಅಮ್ಮ ಪಾಠ ಮುಗಿಸುವಾಗಿನ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು.

"ಸರಿಯಾಗಿ ಹೇಳು ಮಗಾ. ರೊಟ್ಟಿಯ ಕಥೆ ಹಾಕುದಾದ್ರೆ ಪಕ್ಕದಲ್ಲಿ ಈ ಪುಟವನ್ನೂ ಹಾಕ್ಬೇಕು. ಎರಡೂ ಇರ್ಲಿ, ಓದಿದವರು ತೀರ್ಮಾನ ಮಾಡ್ಲಿ. ಅದಾಗುದಿಲ್ಲ ಅಂತಾದ್ರೆ ಆ ಕಲ್ಲನ್ನೇ ಬಿಟ್ಟುಬಿಡ್ಲಿ. ಎರಡೂ ಆಗುದಿಲ್ಲ ಅಂದ್ರೆ ನನ್ನ ಹೆಸ್ರು ಬೇಡ."

ಹೆರ್ ಕ್ರಾಫ್ಟ್ ನನ್ನ ಮುಖ ನೋಡಿದರು. ಹೊರಗೆ ಕಾರಿನ ಹಾರ್ನ್ ಕೇಳಿಸಿತು.

"ಅಮ್ಮ ಪರವಾಗಿಲ್ಲ ಅಂತಾರೆ. ರೊಟ್ಟಿಯ ಕಥೆಯೇ ಇರಲಿ ಅಂತಾರೆ," ಎಂದೆ ಜರ್ಮನ್‌ನಲ್ಲಿ.

ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು ಎರಡೂ ಕೈಗಳಿಂದ ಅಮ್ಮನ ಕೈ ಕುಲುಕಿದರು. ಅಮ್ಮನೂ ನಕ್ಕಳು. ತನ್ನ ಮಾತು ಒಪ್ಪಿದರು ಎಂದುಕೊಂಡಿದ್ದಳು. ನಾನು ಟವೆಲ್ಲಿನ ಚೀಲ ಎತ್ತಿಕೊಂಡು ಓಡಿದೆ. ಅಪ್ಪನ ಹೆದರಿಕೆಯನ್ನು ನಿವಾರಿಸಲು ಹಾಗೆ ಹೇಳಿದೆ ಎಂದು ಮುಂದೆ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಅಪ್ಪ ಇರಲಿಲ್ಲ, ಆ ಮನೆಯೂ ಇರಲಿಲ್ಲ. ಕಾರು ನನ್ನನ್ನು ಬಿಟ್ಟು ಹೋದೀತು ಎಂಬುದೊಂದೇ ಇತ್ತು. ಮತ್ತೆ ಆ ಕಲ್ಲಿನ ಮೇಲೆ, ಆ ಮೇಜಿನ ಮೇಲೆ, ಇನ್ನೊಬ್ಬರ ಮಾತು ಹೊತ್ತು ಹೊತ್ತು ದಣಿದ ನನ್ನ ಶನಿವಾರಗಳ ಮೇಲೆ ವಿಪರೀತ ಸಿಟ್ಟು.

ಹಬ್ಬ ನಡೆದದ್ದು ಜೂನಿನ ಒಂದು ಮಧ್ಯಾಹ್ನ, ಅಗ್ನಿಶಾಮಕ ದಳದ ಅಂಗಳದಲ್ಲಿ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಪುಸ್ತಿಕೆಗಳನ್ನು ಉದ್ದ ಮೇಜಿನ ಮೇಲೆ ಜೋಡಿಸಿದ್ದರು, ರಕ್ಷಾಪುಟದಲ್ಲಿ ರೊಟ್ಟಿಕಲ್ಲು. ಅಮ್ಮ ಒಂದನ್ನು ತೆಗೆದುಕೊಂಡು ಹಾಳೆ ಮಗುಚತೊಡಗಿದಳು. ಕೊನೆಯ ಪುಟದಲ್ಲಿ, ಕೇಕು ಮಾಡಿಕೊಟ್ಟವರ ಮತ್ತು ಬೆಂಚು ಸಾಗಿಸಿದವರ ಹೆಸರುಗಳ ನಡುವೆ, ಅನುವಾದಕ್ಕೆ ಸಹಾಯ ಎಂದು ಅವಳ ಹೆಸರಿತ್ತು, ಒಂದು ಅಕ್ಷರ ತಪ್ಪಾಗಿ. ಕಲ್ಲಿನ ಪುಟ ಹುಡುಕಿ ಓದಲು ಅವಳು ತಿಣುಕುತ್ತಿರುವಾಗಲೇ, ಅತಿಥಿಗಳ ಬಸ್ಸಿನಲ್ಲಿ ಬಂದಿದ್ದ ಗಿಡ್ಡ ಮುದುಕಿಯೊಬ್ಬಳು ಕೋಲೂರಿಕೊಂಡು ನಮ್ಮ ಹತ್ತಿರ ಬಂದಳು. ಹೆಸರು ಜೋನ್, ಊರು ಆರ್ಡೆಲ್. ಅವಳು ಅಮ್ಮನ ಹತ್ತಿರ, ನನಗೂ ಅರ್ಥವಾಗುವಷ್ಟು ನಿಧಾನದ ಇಂಗ್ಲಿಷಿನಲ್ಲಿ ಮಾತಾಡಿದಳು. ನಾನು ಅದುವರೆಗೆ ಒಮ್ಮೆಯೂ ಯೋಚಿಸಿರದ ಸಂಗತಿ ಅದು. ಅತಿಥಿಗಳ ಜೊತೆ ಮಾತಾಡಲು ಅಮ್ಮನಿಗೆ ನಾನು ಬೇಕಾಗಿರಲಿಲ್ಲ.

"ಇಂಗ್ಲಿಷ್ ಕಾಗದ ಓದಿದ್ದು ನೀವೇ ಅಂತ ಹೇಳಿದರು," ಎಂದಳು ಮುದುಕಿ. "ಪೆಟ್ಟಿಗೆಯ ತಳದಲ್ಲಿ ನಾನೊಂದು ಪುಟ ಇಟ್ಟಿದ್ದೆ. ಸಿಗಲಿಲ್ಲವೇ ನಿಮಗೆ?"

"ಸಿಕ್ಕಿತು. ಪೆನ್ಸಿಲಿನಲ್ಲಿ ಬರೆದದ್ದು ನೀವಾ? ಎಷ್ಟು ಚೆನ್ನಾಗಿ ಓದಿದ್ದೀರಿ. ಇದರಲ್ಲೇ ಇದೆ ನೋಡಿ, ಹಾಕಲು ಹೇಳಿದ್ದೇನೆ."

"ಇಲ್ಲಮ್ಮ. ಜರ್ಮನ್ ಬಲ್ಲವರಿಂದ ಎರಡು ಸಲ ಓದಿಸಿ ನೋಡಿದೆ. ಇದರಲ್ಲೂ ರೊಟ್ಟಿಯೇ ಇರೋದು." ಮುದುಕಿ ನಕ್ಕು, ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು. "ನಮ್ಮ ಅಜ್ಜಿ ಆ ಕಲ್ಲಿನ ಮೇಲೆ ನಮ್ಮನ್ನು ಕೂರಲು ಬಿಡುತ್ತಿರಲಿಲ್ಲ. ನಮ್ಮಲ್ಲಿ ಹೇಳಿದರೆ ಯಾರಿಗೂ ಬೇಡ. ಹೊರಗಿನವರು ಹಾಕಿದರೆ ಹಾಕಿಯಾರು ಅಂದುಕೊಂಡಿದ್ದೆ."

ಅಮ್ಮ ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು, ಆ ಪುಟ ಓದಿ ಹೇಳು ಎಂದಳು. ನಾನು ಓದಲಿಲ್ಲ. ಪುಸ್ತಿಕೆಯನ್ನು ಮುಚ್ಚಿ ಬೆನ್ನ ಹಿಂದೆ ಹಿಡಿದೆ. ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ದೂರದಲ್ಲಿ ಬಿಯರ್ ಪೀಪಾಯಿಯ ಹತ್ತಿರ ಕೈಬೀಸುತ್ತಿದ್ದ ಹೆರ್ ಕ್ರಾಫ್ಟ್ ಅವರನ್ನು ನೋಡಿದಳು, ಮತ್ತೆ ನನ್ನನ್ನು. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದುಹೋಗಿತ್ತು.

"ತಪ್ಪು ನನ್ನದು," ಎಂದಳು ಮುದುಕಿಗೆ ಇಂಗ್ಲಿಷಿನಲ್ಲಿ. "ನಾನು ಸರಿಯಾಗಿ ಹೇಳಲಿಲ್ಲ. ಕ್ಷಮಿಸಿ."

ಜೋನ್ ಅಮ್ಮನ ಕೈ ತಟ್ಟಿ ಬೆಂಚು ಹುಡುಕಿಕೊಂಡು ಹೋದಳು. ಅಮ್ಮ ಇನ್ನೂ ಒಂದು ಗಂಟೆ ಅಲ್ಲೇ ಇದ್ದಳು, ಹೆರ್ ಕ್ರಾಫ್ಟ್ ಅವರ ಹೆಂಡತಿ ಕೊಟ್ಟ ಕೇಕು ತಿಂದಳು, ಫೋಟೋಕ್ಕೆ ನಿಂತಳು. ಅಪ್ಪ ಎಲ್ಲರ ಜೊತೆ ಚಿಯರ್ಸ್ ಹೇಳುತ್ತ ಖುಷಿಯಾಗಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಅಮ್ಮ ಕೊನೆವರೆಗೂ ಹೇಳಲಿಲ್ಲ. ಮನೆಗೆ ಬಂದು ಸೀರೆ ಮಡಚುವಾಗ, ಸೆರಗಿನ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದಳು. ಬೈಗುಳಕ್ಕೆ ಸಿದ್ಧಳಾಗಿ ಹೋದೆ.

"ಆವತ್ತು ಲೇನಾಳ ಪಾರ್ಟಿ ಚಂದ ಇತ್ತಾ?" ಎಂದಳು.

ನಾನು ಅತ್ತೆ. ಅವಳು ಸೀರೆಯ ಅಂಚು ಕೂಡಿಸುತ್ತಲೇ ಇದ್ದಳು.

ಅಂದಿನಿಂದ ಅಮ್ಮ ನನ್ನನ್ನು ಎಲ್ಲಿಗೂ ಕರೆಯಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ನಿಘಂಟು ಹಿಡಿದುಕೊಂಡು ಒಬ್ಬಳೇ ಹೋದಳು. ವೀಸಾ ಆಫೀಸಿನಲ್ಲಿ ನಂಬರು ಹಿಡಿದು ಕಾದು, ತಪ್ಪು ಫಾರ್ಮು ತುಂಬಿ, ಮತ್ತೊಂದು ದಿನ ಹೋಗಿ ಸರಿಮಾಡಿದಳು. ಪೋಷಕರ ಸಭೆಗೂ ನಾನು ಬೇಡವಾದೆ. ನಾಲ್ಕು ವರ್ಷ ನಾನು ಬೇಡಿಕೊಂಡ ಬಿಡುಗಡೆ ಅದೇ ತಾನೇ? ಸಿಕ್ಕಿದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಮನೆಯೊಳಗೆ ಸಿಡುಕುತ್ತ ತಿರುಗಿದೆ. ಊಟದ ಮೇಜು ನಮಗೆ ಮರಳಿ ಬಂತು, ಆದರೆ ಒಂದು ತುದಿಯಲ್ಲಿ ಈಗ ಅಮ್ಮನ ಜರ್ಮನ್ ವ್ಯಾಕರಣದ ಪುಸ್ತಕ. ನಾನು ಹೇಳಿಕೊಡಲಾ ಎಂದರೆ ಬೇಡ ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ, ಉಪ್ಪು ಬೇಕಾ ಎಂದು ಕೇಳಿದವರಿಗೆ ಬೇಡ ಎನ್ನುವ ಹಾಗೆ. ಅದು ಇನ್ನೂ ಉರಿಯುತ್ತಿತ್ತು.

ಶಾಲೆಯ ರಜೆ ಮುಗಿಯುವ ವಾರ, ಒಂದು ಸಂಜೆ, ಅಮ್ಮ ಒಂದು ಚೀಟಿಯಲ್ಲಿ ಏನೋ ಬರೆದುಕೊಂಡು, ಆ ಜೆರಾಕ್ಸು ಹಿಡಿದು ಮೆಟ್ಟಿಲು ಹತ್ತಿದಳು. ನಾನು ಬಾಗಿಲು ಓರೆಮಾಡಿ ಕೆಳಗಿನ ಮೆಟ್ಟಿಲಲ್ಲಿ ನಿಂತು ಕೇಳಿದೆ. ಚೀಟಿ ನೋಡಿಕೊಂಡು, ಕ್ರಿಯಾಪದಗಳನ್ನು ಅಲ್ಲಿ ಇಲ್ಲಿ ಇಟ್ಟು, ಅವಳು ಜರ್ಮನ್‌ನಲ್ಲಿ ಹೇಳಿದಳು. "ಈ ಪುಟ ಪುಸ್ತಿಕೆಯಲ್ಲಿ ಇರಬೇಕಿತ್ತು. ಇಲ್ಲದಿದ್ದರೆ ನನ್ನ ಹೆಸರು ಬೇಡವೆಂದು ನಾನು ಅಂದೇ ಹೇಳಿದ್ದೆ."

"ಇಲ್ಲವಲ್ಲ, ನೀವು ಒಪ್ಪಿದ್ದಿರಿ," ಎಂದರು ಹೆರ್ ಕ್ರಾಫ್ಟ್, ನಿಜವಾಗಿಯೂ ಗೊಂದಲಗೊಂಡು.

ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ.

"ನಾನು ಹೇಳಿದೆ," ಎಂದಳು ಅಮ್ಮ. "ನಿಮಗೆ ತಲುಪಲಿಲ್ಲ."

ಪುಸ್ತಿಕೆಗಳೆಲ್ಲ ಹಂಚಿ ಹೋಗಿವೆ, ಈಗ ಏನು ಮಾಡಲು ಸಾಧ್ಯ, ತನಗೂ ಬೇಸರವಾಗುತ್ತಿದೆ ಎಂದರು ಅವರು. ಜೆರಾಕ್ಸನ್ನು ತೆಗೆದುಕೊಂಡರೋ ಇಲ್ಲವೋ ನನಗೆ ಕಾಣಲಿಲ್ಲ. ಶುಭ ಸಂಜೆ ಹೇಳಿ ಬಾಗಿಲು ಮುಚ್ಚಿದರು. ಅವರು ನಮ್ಮನ್ನು ಮನೆ ಬಿಡಿಸಲಿಲ್ಲ, ಬಾಡಿಗೆ ಏರಿಸಲಿಲ್ಲ. ಪುಸ್ತಿಕೆಯನ್ನು ಬದಲಿಸಲೂ ಇಲ್ಲ. ನಮ್ಮ ಹಳ್ಳಿಯ ಪಂಚಾಯತಿ ಕಚೇರಿಯಲ್ಲಿ ಅದರ ಮರುಮುದ್ರಣ ಈಗಲೂ ಸಿಗುತ್ತದೆ, ಹೋದ ವರ್ಷ ನೋಡಿದೆ. ಹ್ಯಾದರ್‌ಕಂಬ್‌ನವರು ಆರ್ಡೆಲಿನವರಿಗೆ ಇಂದಿಗೂ ರೊಟ್ಟಿ ಇಡುತ್ತಲೇ ಇದ್ದಾರೆ.

ಅಮ್ಮ ಇಳಿದು ಬರುವಾಗ ನಾನು ಅಡಗಿಕೊಳ್ಳಬಹುದಿತ್ತು. ಅಲ್ಲೇ ನಿಂತೆ. ಅವಳ ಕೈಯಲ್ಲಿದ್ದ ಚೀಟಿ ಬೆವರಿನಿಂದ ಮುದುರಿತ್ತು. ಕೆಳಗಿನಿಂದ ಮೂರನೇ ಮೆಟ್ಟಿಲಲ್ಲಿ ಕುಳಿತುಕೊಂಡಳು.

"ಕೇಳಿಸ್ತಾ?"

"ಹ್ಞೂ."

"ಎಷ್ಟು ತಪ್ಪಾಯ್ತು?"

ಒಂದೂ ಇಲ್ಲ ಎನ್ನಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ನಾಲ್ಕು," ಎಂದೆ.

ಅಮ್ಮ ಚೀಟಿಯನ್ನು ಮೊಣಕಾಲಿನ ಮೇಲಿಟ್ಟು ಸರಿಯಾಗಿ ಬಿಡಿಸಿ, ನನ್ನ ಕಿಸೆಯಲ್ಲಿದ್ದ ಪೆನ್ಸಿಲಿಗಾಗಿ ಕೈ ಚಾಚಿದಳು.

"ಒಂದೊಂದೇ ಹೇಳು," ಎಂದಳು.